ಕಾಗದದ ಕಾಕ

ಕಾಕ ಕಳೆದ ತಿಂಗಳು ಊರಿಗೆ ಹೋದರು. ರಜೆಗಲ್ಲ, ಪೂರ್ತಿಯಾಗಿ. ತಮ್ಮ ಬತಾಕವನ್ನು, ಅಂದರೆ ಇಲ್ಲಿಯ ವಾಸದ ಕಾರ್ಡನ್ನು, ರದ್ದು ಮಾಡಿಸುವ ಫೈಲನ್ನೂ ಅವರೇ ತಯಾರಿಸಿದರು, ಕ್ಷೌರದವನು ಕನ್ನಡಿ ಹಿಡಿದು ತನ್ನ ತಲೆ ತಾನೇ ಬೋಳಿಸಿಕೊಂಡ ಹಾಗೆ. ಮಸ್ಕತ್ತಿನ ವಾದಿ ಕಬೀರಿನಲ್ಲಿ ಗ್ಯಾರೇಜು, ವರ್ಕ್‌ಶಾಪು, ಬಾಡಿಗೆ ಕೋಣೆ ಅಂತ ಬದುಕು ಹಿಡಿದ ನಮ್ಮ ಕಡೆಯವರಲ್ಲಿ ಅವರ ಕೈಯಿಂದ ಒಂದಾದರೂ ಕಾಗದ ಸರಿ ಮಾಡಿಸಿಕೊಳ್ಳದವರು ಕಡಿಮೆ. ಅವರು ವಿಮಾನ ಹತ್ತಿದ ಮರುದಿನವೇ ನನಗೆ ಫೋನುಗಳು ಶುರುವಾದವು. "ಇನ್ನು ಯಾರ ಹತ್ತಿರ ಕೇಳುವುದು ಮಾರಾಯ್ರೆ?" ಹಳೆ ಗಾಡಿಗಳ ಬಿಡಿಭಾಗ ಮಾರುವ ನನ್ನ ಹತ್ತಿರ ಏನು ಉತ್ತರ ಇರುತ್ತದೆ? ಗೇರ್‌ಬಾಕ್ಸು ಬೇಕಾದರೆ ಕೇಳಿ, ಕೊಡುತ್ತೇನೆ.

ಅವರ ಕೆಲಸವನ್ನು ಒಂದು ಮಾತಿನಲ್ಲಿ ಹೇಳಬಹುದು. ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಅವರು ಕಾಗದ ನೋಡಿಕೊಳ್ಳುವವರು. ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ಹೋಗಿ ನಿಲ್ಲುವವನು ಒಮಾನಿ. ಅವನ ಕೈಗೆ ಸರಿಯಾದ ಕಾಗದ ಸರಿಯಾದ ಕ್ರಮದಲ್ಲಿ ಕೊಡುವವರು ಕಾಕ. ಸಂಜೆ ಕಂಪನಿ ಬಿಟ್ಟ ಮೇಲೆ ಊರಿನವರ ಕಾಗದ. ಅದಕ್ಕೆ ಸಂಬಳವಿಲ್ಲ, ಒಂದು ಲೋಟ ಸುಲೈಮಾನಿ ಚಾ ಸಾಕು. ಸಕ್ಕರೆ ಕಡಿಮೆ, ಲಿಂಬೆ ಜಾಸ್ತಿ.

ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುಗಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಆಫೀಸರನಿಗೆ ನಿನ್ನ ಎಂಜಲು ತಿನ್ನಿಸ್ತೀಯಾ?" ಎಂದು ಕಾಗದ ಕಿತ್ತುಕೊಳ್ಳುತ್ತಿದ್ದರು. ಯಾವ ಕಾಗದವನ್ನೂ ಮಡಚುತ್ತಿರಲಿಲ್ಲ. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೋಲ್ಡರು, ತಲೆಯ ಮೇಲೆ ಬಿಳಿ ಟೊಪ್ಪಿ, ಬಿಸಿಲಿಗೆ ಅಂಗಡಿಗಳ ನೆರಳನ್ನೇ ಹುಡುಕಿಕೊಂಡು ನಡೆಯುವ ಉದ್ದ ಕಾಲು. ಹೊಸದಾಗಿ ಗಲ್ಫಿಗೆ ಬಂದ ಹುಡುಗರಿಗೆಲ್ಲ ಅವರು ಹೇಳುತ್ತಿದ್ದ ಮಾತು ಒಂದೇ: "ಇವತ್ತು ಮುಗಿಯುವ ಕಾಗದ ನಿನ್ನೆಯೇ ಸತ್ತದ್ದು. ಮೊದಲೇ ಕೊಡು, ಮೊದಲೇ ಮಾಡಿಸು." ನಾನು ಹೇಳುತ್ತೇನೆ, ಪರದೇಶದಲ್ಲಿ ದುಡಿಯಲು ಹೊರಟವರು ಈ ಮಾತನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಆದರೆ ಇದೇ ಮಾತು ಒಮ್ಮೆ ಅವರ ಕುತ್ತಿಗೆಗೇ ಬಂತು. ನಾನು ಬರೆಯಲು ಕೂತದ್ದು ಅದನ್ನೇ.

ಅದಕ್ಕೆ ಮೊದಲು ಇನ್ನೆರಡು ಸಂಗತಿ ಹೇಳಬೇಕು, ಇಲ್ಲದಿದ್ದರೆ ಕಾಕನನ್ನು ನೀವು ತಪ್ಪು ತಿಳಿಯುತ್ತೀರಿ.

ಒಂದು, ಅವರು ಸುಳ್ಳು ಕಾಗದ ಮಾಡುವವರಲ್ಲ. ಒಬ್ಬ ಗ್ಯಾರೇಜಿನವನು ತನ್ನ ಭಾವಮೈದುನನಿಗೆ ಇಲ್ಲದ ಅನುಭವದ ಸರ್ಟಿಫಿಕೇಟು ಬರೆಸಲು ಬಂದಿದ್ದ. ಇಬ್ಬರೂ ನನ್ನ ಅಂಗಡಿಯಲ್ಲೇ ಕೂತಿದ್ದರು. ಕಾಕ ಆ ಹಾಳೆಯನ್ನು ಎರಡು ಬೆರಳಿನಿಂದ ಅವನ ಕಡೆ ತಳ್ಳಿದರು. "ನನ್ನ ಕೈಯಿಂದ ಆಗ್ಲಿಕ್ಕಿಲ್ಲ. ಮಾಡಿಕೊಡುವವರು ಬೇರೆ ಇದ್ದಾರೆ. ಅವರ ಹೆಸರು ನಾನು ಹೇಳುವುದಿಲ್ಲ, ಪೊಲೀಸರು ಹೇಳ್ತಾರೆ." ಗ್ಯಾರೇಜಿನವನು ಆಮೇಲೆ ಆರು ತಿಂಗಳು ಅವರ ಮುಖ ನೋಡಲಿಲ್ಲ. ಕಾಕನಿಗೆ ಅದರಿಂದ ಏನೂ ಆಗಲಿಲ್ಲ.

ಇನ್ನೊಂದು, ಸುವೈಕಿನ ಹೆಣ. ಆ ಕಡಲ ಬದಿಯ ಊರಿನ ತೋಟದಲ್ಲಿ ನಮ್ಮ ಕಡೆಯವನೊಬ್ಬ ವರ್ಷಗಟ್ಟಲೆ ಅಡಗಿ ದುಡಿಯುತ್ತಿದ್ದ. ವೀಸಾ ಕೊಟ್ಟ ಯಜಮಾನ ಕಫೀಲನ ಜೊತೆ ಜಗಳವಾಡಿ ಪಾಸ್‌ಪೋರ್ಟು ಬಿಟ್ಟು ಓಡಿ ಬಂದವನು. ಒಂದು ದಿನ ಎದೆನೋವು ಬಂದು ತೀರಿಕೊಂಡ. ಅವನು ಯಾರು ಎಂದು ಹೇಳುವ ಒಂದು ಚೂರು ಕಾಗದವೂ ಇರಲಿಲ್ಲ. ಊರಿನಲ್ಲಿ ಅವನ ಹೆಂಡತಿ ಕಾಯುತ್ತಿದ್ದಳು, ಇಲ್ಲಿ ಶವಾಗಾರದಲ್ಲಿ ಅವನು ಕಾಯುತ್ತಿದ್ದ. ಓಡಾಡಿದವರು ಕಾಕ. ಎಷ್ಟೋ ವಾರಗಳ ಮೇಲೆ ಆ ಪೆಟ್ಟಿಗೆ ವಿಮಾನ ಹತ್ತಿತು. ಅವತ್ತು ವಿಮಾನ ನಿಲ್ದಾಣದಿಂದ ನೇರ ನನ್ನ ಅಂಗಡಿಗೆ ಬಂದು, ಚಾ ಕೂಡ ಮುಟ್ಟದೆ ಅಂದರು: "ನೋಡಿ ಧನಿ, ಕಾಗದ ಇಲ್ಲದವನನ್ನು ಮಣ್ಣು ಕೂಡ ತೆಗೆದುಕೊಳ್ಳುವುದಿಲ್ಲ." ನಾನು ಅಂಗಡಿಯ ಯಜಮಾನನೆಂದು ತಮಾಷೆಗೆ ಅವರು ನನ್ನನ್ನು ಧನಿ ಎನ್ನುತ್ತಿದ್ದರು. ಅವತ್ತು ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಇಲ್ಲಿಯೇ ಇಂಡಿಯನ್ ಸ್ಕೂಲಿನಲ್ಲಿ ಕಲಿತವಳು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ, ಉಪ್ಪನ, ಅಂದರೆ ಅಪ್ಪನ, ಜೊತೆ ಮಾತ್ರ ಅಚ್ಚ ಬ್ಯಾರಿ ಮಾತಾಡುವ ಹುಡುಗಿ. ಡಾಕ್ಟರಿಕೆ ಓದಲು ಉಕ್ರೇನಿನ ಖಾರ್ಕಿವ್ ಎಂಬ ಊರಿಗೆ ಹೋದಳು. ರಷ್ಯಾದ ಗಡಿ ಅಲ್ಲಿಂದ ಹತ್ತಿರ ಎಂದು ಆಗ ನಾವು ಯಾರೂ ಭೂಪಟ ತೆಗೆದು ನೋಡಲಿಲ್ಲ. ಫೀಸು ಕಡಿಮೆ, ಹುಡುಗಿ ಜಾಣೆ, ಹಾಸ್ಟೆಲಿನಲ್ಲಿ ನಮ್ಮ ಕಡೆಯ ಮಕ್ಕಳಿದ್ದಾರೆ. ಇಷ್ಟು ಸಾಕಾಗಿತ್ತು.

2022ರ ಫೆಬ್ರವರಿಯಲ್ಲಿ ಗಡಿಯಲ್ಲಿ ಸೈನ್ಯ ಸೇರುತ್ತಿದೆ ಎಂಬ ಸುದ್ದಿ ದಿನವೂ ಬರುತ್ತಿತ್ತು. ಮಗಳ ಅಲ್ಲಿಯ ವಾಸದ ಕಾರ್ಡಿನ ಅವಧಿ ಮುಗಿಯಲು ಇನ್ನೂ ಸಾಕಷ್ಟು ಸಮಯವಿತ್ತು. ಹಾಸ್ಟೆಲಿನ ಬೇರೆ ಹುಡುಗಿಯರು, "ನೋಡುವ, ಪರೀಕ್ಷೆ ಮುಗಿಯಲಿ" ಎಂದು ಸುಮ್ಮನಿದ್ದರು. ಕಾಕನ ಮಗಳು ಕಾಕನ ಮಗಳಲ್ಲವೇ? ಉಪ್ಪ ಹೇಳಿದ ಹಾಗೆ ಮೊದಲೇ ಹೋಗಿ ಕಾರ್ಡಿನ ನವೀಕರಣಕ್ಕೆಂದು ಪಾಸ್‌ಪೋರ್ಟನ್ನು ಕಾಲೇಜಿನ ಆಫೀಸಿನಲ್ಲಿ ಕೊಟ್ಟು ಬಂದಳು. ಅದಾದ ಕೆಲವೇ ದಿನಕ್ಕೆ ಯುದ್ಧ ಶುರುವಾಯಿತು. ಆಫೀಸಿಗೆ ಬೀಗ ಬಿತ್ತು. ಸೋಮಾರಿ ಹುಡುಗಿಯರ ಪಾಸ್‌ಪೋರ್ಟು ಅವರವರ ಕೈಯಲ್ಲಿ. ಅಪ್ಪನ ಮಾತು ಕೇಳಿದವಳ ಕೈ ಖಾಲಿ.

ಕಾಕ ಅವತ್ತಿನಿಂದ ಬೆಳಿಗ್ಗೆ ನನ್ನ ಅಂಗಡಿಗೇ ಬರತೊಡಗಿದರು. ಮನೆಯಲ್ಲಿ ಕೂತು ಮಾತಾಡಿದರೆ ಹುಡುಗಿಯ ಉಮ್ಮ ಕೇಳಿಸಿಕೊಳ್ಳುತ್ತಾರೆ. ಅವರಿಗೆ ಹೇಳಿದ್ದು, ಮಗಳು ಹಾಸ್ಟೆಲಿನಲ್ಲಿ ಕ್ಷೇಮ, ಊಟ ಸಿಗುತ್ತಿದೆ ಎಂದಷ್ಟೇ. ಅವಳು ಇದ್ದದ್ದು ಹಾಸ್ಟೆಲಿನ ನೆಲಮಾಳಿಗೆಯಲ್ಲಿ, ತಿನ್ನುತ್ತಿದ್ದದ್ದು ಬಿಸ್ಕತ್ತು. ಫೋನು ಹಚ್ಚಿದರೆ ಮೊದಲು ಕೇಳುವುದು ಕೆಮ್ಮು, ಆಮೇಲೆ ಮಾತು. ಮಧ್ಯೆ ಒಮ್ಮೊಮ್ಮೆ ದೂರದಲ್ಲಿ ಕಬ್ಬಿಣದ ಬಾಗಿಲು ಹಾಕಿಕೊಂಡ ಹಾಗೆ ಒಂದು ಸದ್ದು. ಆ ಸದ್ದು ಬಂದಾಗ ಕಾಕ ತಲೆಯೆತ್ತಿ ನನ್ನ ಅಂಗಡಿಯ ಮಾಡನ್ನು ನೋಡುತ್ತಿದ್ದರು.

ಎದುರಿನ ಚಾದಂಗಡಿಯಲ್ಲಿ ಗಂಡಸರಿಗೆ ಬೇರೆ ವಿಷಯವೇ ಇರಲಿಲ್ಲ. ಒಬ್ಬ ರಷ್ಯಾದ ಪರ. "ಅಮೆರಿಕಾದವರು ಬಾಗಿಲಿಗೇ ಬಂದು ಕೂತರೆ ಯಾರು ಬಿಡ್ತಾರೆ ಹೇಳಿ?" ಇನ್ನೊಬ್ಬ ಉಕ್ರೇನಿನ ಪರ. "ಪಕ್ಕದ ಮನೆ ನನ್ನದು ಅಂತ ಹೇಳಿದ್ರೆ ಆಗುತ್ತದಾ?" ಗೋಧಿ ಹಿಟ್ಟಿನ ದರ ಏರುತ್ತದೆ, ಸೂರ್ಯಕಾಂತಿ ಎಣ್ಣೆ ಸಿಗುವುದಿಲ್ಲ ಎಂದು ಮೂರನೆಯವನು. ಕಾಕ ಅವರ ನಡುವೆ ಲೋಟ ಹಿಡಿದು ನಿಂತಿದ್ದವರು ಒಮ್ಮೆಗೇ ಸ್ಫೋಟಿಸಿದರು:

"ಎಂತ, ಕ್ರಿಕೆಟ್ಟಾ ನಿಮಗಿದು? ಯಾರು ಔಟ್, ಯಾರು ನಾಟೌಟ್? ಅಲ್ಲಿ ನನ್ನ ಕೂಸು ಉಂಟು!"

ಅಷ್ಟು ವರ್ಷದಲ್ಲಿ ಅವರ ಸ್ವರ ಏರಿದ್ದನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಆ ಚಾದಂಗಡಿಯಲ್ಲಿ, ಕಾಕ ಇದ್ದಷ್ಟು ಹೊತ್ತು, ಯುದ್ಧದ ಮಾತು ಬಂದದ್ದಿಲ್ಲ.

ನಮ್ಮ ದೇಶದ ಮಕ್ಕಳ ಮೊದಲ ಗುಂಪು ಖಾರ್ಕಿವಿನಿಂದ ಹೊರಟಾಗ ಮಗಳು ಹೋಗಲಿಲ್ಲ. ಕಾಕ ಬೇಡ ಅಂದರು. "ಪಾಸ್‌ಪೋರ್ಟು ಇಲ್ಲದೆ ಗಡಿಗೆ ಹೋಗಿ ಎಂತ ಮಾಡುವುದು? ಆಫೀಸು ತೆಗೆಯಲಿ." ಪಾಸ್‌ಪೋರ್ಟು ಇಲ್ಲದ ಮಕ್ಕಳನ್ನೂ ಗಡಿಯಲ್ಲಿ ಬಿಡುತ್ತಿದ್ದಾರೆ, ನಮ್ಮ ಎಂಬೆಸಿಯವರು ಅಲ್ಲೇ ತಾತ್ಕಾಲಿಕ ಕಾಗದ ಕೊಡುತ್ತಾರೆ ಎಂದು ನನ್ನ ಫೋನಿಗೆ ಬಂದ ಸುದ್ದಿ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಓದಿದರು. "ಇದು ಯಾರು ಬರೆದದ್ದು? ಸಹಿ ಎಲ್ಲುಂಟು? ವಾಟ್ಸಾಪಿನಲ್ಲಿ ನಾಳೆ ನನ್ನನ್ನು ಸುಲ್ತಾನ ಅಂತಲೂ ಬರೀತಾರೆ." ನಾನು ಎಷ್ಟು ವಾದಿಸಿದರೂ ಕದಲಲಿಲ್ಲ. ಕಾಗದ ಹಿಡಿದು ನೂರಾರು ಜನರ ಜೀವ ಉಳಿಸಿದವರಿಗೆ ಕಾಗದ ಬಿಟ್ಟರೂ ಜೀವ ಉಳಿಯಬಹುದು ಎಂದು ಹೇಳುವುದು ಹೇಗೆ?

ಹೊಡೆತ ಜೋರಾಯಿತು. ಒಂದು ದಿನ ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವಾಗಲೇ ಕಾಕ ಅಲ್ಲಿ ನಿಂತಿದ್ದರು, ಫೋನು ಕಿವಿಗೆ. ಒಳಗೆ ಬಂದು ಕೌಂಟರಿನ ಮೇಲಿಟ್ಟು ಸ್ಪೀಕರ್ ಹಾಕಿದರು. ಅವರಿಬ್ಬರ ಬ್ಯಾರಿ ನನಗೆ ಅರ್ಥವಾಗುತ್ತದೆ. ಇಷ್ಟು ವರ್ಷ ವ್ಯಾಪಾರ ಮಾಡಿದವನಿಗೆ ಗಿರಾಕಿಯ ಭಾಷೆ ಬಾರದಿದ್ದರೆ ಹೇಗೆ?

"ಉಪ್ಪ, ಉಳಿದವರೆಲ್ಲ ಈಗ ಹೊರಡ್ತಾ ಇದ್ದಾರೆ. ಸ್ಟೇಶನ್ನಿಗೆ ನಡೆದೇ ಹೋಗುವುದು. ಇದಾದ ಮೇಲೆ ಇಲ್ಲಿ ನಮ್ಮವರು ಯಾರೂ ಇರುವುದಿಲ್ಲ."

"ಆಫೀಸಿನ ಆ ಹೆಂಗಸು ಫೋನು ತೆಗೆದಳಾ?"

"ತೆಗೆದಳು. ಕಾವಲಿನವನ ಹತ್ತಿರ ಕೀ ಉಂಟಂತೆ. ನಾನೇ ಹೋದರೆ ತೆಗೆದು ಕೊಡ್ತಾನಂತೆ."

ಕಾಕನ ಮುಖಕ್ಕೆ ಜೀವ ಬಂತು. "ಅಲ್ಹಮ್ದುಲಿಲ್ಲಾ! ಆಫೀಸು ಎಷ್ಟು ದೂರ?"

"ನಡೆದರೆ ಅರ್ಧ ಗಂಟೆ. ಆದರೆ ಸ್ಟೇಶನ್ನಿಗೆ ಉಲ್ಟಾ ದಿಕ್ಕು. ಅಲ್ಲಿ ಚೌಕದ ಹತ್ತಿರ ನಿನ್ನೆ ಬಿದ್ದಿದೆ ಉಪ್ಪ."

"ನಿನ್ನೆ ಬಿದ್ದಲ್ಲಿ ಇವತ್ತು ಬೀಳ್ಲಿಕ್ಕಿಲ್ಲ."

ಇದನ್ನು ಅವರು ಹೇಳಿದ್ದು ಅಷ್ಟು ಸಲೀಸಾಗಿ, ಒಂದು ಕೌಂಟರಿನಲ್ಲಿ ಸಾಲು ಉದ್ದವಿದ್ದರೆ ಇನ್ನೊಂದಕ್ಕೆ ಹೋಗು ಎಂದ ಹಾಗೆ. ಆ ಕಡೆಯಿಂದ ಕೆಮ್ಮು ಕೇಳಿತು. ಆಮೇಲೆ ಹುಡುಗಿ ಅಂದಳು:

"ನೀವು ಹೋಗು ಅಂದ್ರೆ ಹೋಗ್ತೇನೆ."

ಹಿಂದಿನಿಂದ ಇನ್ನೊಂದು ಹುಡುಗಿಯ ಸ್ವರ ನುಗ್ಗಿತು. ದಾವಣಗೆರೆ ಕಡೆಯವಳಂತೆ, ಅವಳ ಕೋಣೆಯ ಜೊತೆಗಾತಿ. "ಅಂಕಲ್, ನಾವು ಹೊಂಟೀವ್ರಿ! ಇಕೀನ ಕಳಿಸ್ತೀರೋ ಇಲ್ಲೋ ಲಗೂನ ಹೇಳ್ರಿ! ಆ ಕಡೆ ಹೋದ್ರ ಇಕಿ ತಿರುಗಿ ಬರಂಗಿಲ್ರಿ!"

ಕಾಕ ಬಾಯಿ ತೆರೆದರು. ನಾನು ಕೈ ಚಾಚಿ ಅವರ ಫೋನಿನ ಮೈಕು ಆಫ್ ಮಾಡಿದೆ.

"ಕಾಕ, ಬೇಡ."

"ಕೈ ತೆಗೀರಿ ಧನಿ."

"ತೆಗೆಯುವುದಿಲ್ಲ. ಅವಳನ್ನು ಸ್ಟೇಶನ್ನಿಗೆ ಕಳಿಸಿ."

"ಸುವೈಕಿನವನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಪಾಸ್‌ಪೋರ್ಟು ಬಿಟ್ಟು ಓಡಿದವನಿಗೆ ಎಂತ ಆಯ್ತು?"

"ಹೆಣಕ್ಕೆ ಪಾಸ್‌ಪೋರ್ಟು ಬೇಕು ಕಾಕ. ಜೀವ ಇದ್ದವಳಿಗೆ ಬಾಯಿ ಉಂಟು, ಕೇಳಿದ್ರೆ ಹೇಳ್ತಾಳೆ."

"ಬಾಯಿ ಮಾತು ಯಾವ ಆಫೀಸಿನಲ್ಲಿ ನಡೆಯುತ್ತದೆ? ನೀವು ಅಂಗಡಿಯವರು, ನಿಮಗೆ ಬಾಯಿ ಸಾಕು." ಫೋನಿನ ಮೇಲಿದ್ದ ನನ್ನ ಕೈಯನ್ನು ಸರಿಸಲು ನೋಡಿದರು. "ಕಾಗದ ಇಲ್ಲದೆ ನಾನು ಅವಳಿಗೆ ಹೊರಡು ಅನ್ಲಿಕ್ಕಿಲ್ಲ. ನನ್ನ ನಾಲಿಗೆ ಏಳುವುದಿಲ್ಲ."

ಇಲ್ಲಿ ಒಂದು ಮಾತು. ವ್ಯಾಪಾರದಲ್ಲಿ ಎದುರಿನವನು ಗೋಡೆಯಾಗಿ ನಿಂತರೆ ಹೊಸಬರು ಇನ್ನೂ ಜೋರಾಗಿ ತಳ್ಳುತ್ತಾರೆ. ಅದು ತಪ್ಪು. ತಳ್ಳಿದಷ್ಟೂ ಅವನು ಗಟ್ಟಿಯಾಗುತ್ತಾನೆ. 'ಹೂಂ' ಅನ್ನಲು ಅವನಿಗೆ ಏನು ಬೇಕು ಎಂದು ನೋಡಬೇಕು, ನಿಮಗೆ ಏನು ಕೊಡಲು ಇಷ್ಟ ಎಂದಲ್ಲ. ನಾನು ಅಷ್ಟು ದಿನ ಕಾಕನಿಗೆ ಸುದ್ದಿ ಕೊಡುತ್ತಿದ್ದೆ, ಬುದ್ಧಿ ಕೊಡುತ್ತಿದ್ದೆ. ಅವರಿಗೆ ಬೇಕಿದ್ದದ್ದನ್ನು ಅವರೇ ಈಗ ಬಾಯಿಬಿಟ್ಟು ಹೇಳಿದ್ದರು.

"ಕಾಗದ ಬೇಕಲ್ಲ? ಮಾಡುವ."

"ಎಂತದು?"

"ಕೂತುಕೊಳ್ಳಿ. ಬರೀರಿ. ಈಕೆ ನನ್ನ ಮಗಳು, ಇವಳ ಪಾಸ್‌ಪೋರ್ಟಿನ ನಂಬರು ಇದು, ಅದು ಇಂಥ ಆಫೀಸಿನಲ್ಲಿ ಉಂಟು, ಯುದ್ಧದಿಂದ ಆಫೀಸಿಗೆ ಬೀಗ, ಇವಳು ಮನೆಗೆ ಬರ್ತಾ ಇದ್ದಾಳೆ, ದಾರಿ ಬಿಡಿ. ಕೆಳಗೆ ನಿಮ್ಮ ಸಹಿ."

"ಸುಳ್ಳು ಕಾಗದ ನಾನು..."

"ಯಾವ ಮಾತು ಸುಳ್ಳು ಹೇಳಿ. ಅವಳು ನಿಮ್ಮ ಮಗಳಲ್ವಾ? ಪಾಸ್‌ಪೋರ್ಟು ಅಲ್ಲಿಲ್ವಾ?"

ಅವರು ನನ್ನನ್ನೇ ನೋಡಿದರು. ಫೋನಿನಲ್ಲಿ ಆ ಕಡೆಯ ಗಲಾಟೆ ಕೇಳುತ್ತಲೇ ಇತ್ತು, ಚೀಲಗಳ ಜಿಪ್ಪು, ಕಾಲುಗಳ ಸದ್ದು. "ಸ್ಟ್ಯಾಂಪ್?" ಅಂದರು ಕಾಕ. "ಸ್ಟ್ಯಾಂಪ್ ಇಲ್ಲದ ಕಾಗದ ಕಾಗದವಾ?"

ಗಲ್ಫಿನಲ್ಲಿ ಅಂಗಡಿ ಇಟ್ಟವರಿಗೆ ಗೊತ್ತು, ಅಂಗಡಿಯ ಸ್ಟ್ಯಾಂಪನ್ನು ಹೆಂಡತಿಯ ಕೈಗೂ ಕೊಡಬಾರದು. ಅದು ಬಿದ್ದ ಜಾಗದಲ್ಲಿ ನೀವು ಜವಾಬ್ದಾರರು. ನಾಳೆ ಯಾವ ದೇಶದ ಯಾವ ಆಫೀಸಿನವನು ಫೋನು ಮಾಡಿ ಇದೇನು ಎಂದು ಕೇಳಿದರೂ ಉತ್ತರ ಕೊಡಬೇಕಾದವರು ನೀವು. ನನ್ನದು ಬೀಗ ಹಾಕಿದ ಡ್ರಾಯರಿನಲ್ಲಿರುತ್ತದೆ. ತೆಗೆದು ಮುಂದಿಟ್ಟೆ.

ಕಾಕ ಕೂತರು. ಜೇಬಿನಿಂದ ಪೆನ್ನು ತೆಗೆದರು. ಮೊದಲು ಮೈಕು ಆನ್ ಮಾಡಿ ಮಗಳಿಗೆ ಅಂದರು, "ಐದು ನಿಮಿಷ. ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಲ್ಲು. ಆಫೀಸಿಗಲ್ಲ." ಆಮೇಲೆ ಬರೆಯಲು ತೊಡಗಿದರು. ಇಂಗ್ಲಿಷಿನಲ್ಲಿ, ಕಂಪನಿಯ ಪತ್ರಗಳ ಆ ಬಿಗಿಯಾದ ಇಂಗ್ಲಿಷಿನಲ್ಲಿ, 'ಸಂಬಂಧಪಟ್ಟವರೆಲ್ಲರಿಗೂ' ಎಂದು ಶುರುಮಾಡಿ. ಮಗಳ ಪಾಸ್‌ಪೋರ್ಟಿನ ನಂಬರನ್ನು ಎಲ್ಲೂ ನೋಡದೆ ಬರೆದರು. ಒಂದು ಅಕ್ಷರ ತಿದ್ದಲಿಲ್ಲ. ಅವರ ಹಣೆಯಿಂದ ಬೆವರಿನ ಹನಿ ಹಾಳೆಯ ಮೇಲೆ ಬೀಳಲು ಹೊರಟಾಗ ಎಡಗೈ ಅಡ್ಡ ಹಿಡಿದರು, ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಸಹಿ ಹಾಕಿದರು. ಸಾಕ್ಷಿ ಎಂದು ನನ್ನ ಸಹಿ. ಸ್ಟ್ಯಾಂಪನ್ನು ಅವರೇ ಒತ್ತಿದರು, ಪೂರ್ತಿ ಭಾರ ಹಾಕಿ, ನೀಲಿ ವೃತ್ತ ಎಲ್ಲೂ ಮಾಸದ ಹಾಗೆ. ಸುತ್ತ ಅರಬಿ ಅಕ್ಷರದಲ್ಲಿ, ಬಳಸಿದ ವಾಹನಗಳ ಬಿಡಿಭಾಗಗಳ ಮಾರಾಟ, ವಾದಿ ಕಬೀರ್.

ಶಾಯಿಯ ಮೇಲೆ ಊದಿ ಒಣಗಿಸಿ ಫೋಟೋ ತೆಗೆದು ಕಳಿಸಿದರು. ಮಗಳು ನೋಡಿದಳೆಂದು ವಾಟ್ಸಾಪಿನ ಎರಡು ಗೆರೆಗಳು ನೀಲಿಯಾದವು. ಆಗ ಫೋನನ್ನು ಎರಡು ಕೈಯಲ್ಲಿ ಬಾಯಿಯ ಹತ್ತಿರ ಹಿಡಿದರು.

"ಮಗಳೇ, ಕಾಗದ ಬಂತಾ?"

"ಬಂತು ಉಪ್ಪ."

"ಓದಿದೆಯಾ?"

"ಓದಿದೆ."

"ಯಾರು ಕೇಳಿದರೂ ಅದನ್ನು ತೋರಿಸು. ಹೆದರಬೇಡ. ಇನ್ನು ಪಾಸ್‌ಪೋರ್ಟಿನ ಆಸೆ ಬಿಡು. ಹೊರಡು. ಯಲ್ಲಾ, ಹೊರಡು!"

ಫೋನು ನಿಂತಿತು. ಕಾಕ ಪೆನ್ನಿಗೆ ಮುಚ್ಚಳ ಹಾಕಲು ಹೋದರು. ಎರಡು ಸಲ ತಪ್ಪಿತು.

ಆಮೇಲೆ ಸುದ್ದಿಯಿಲ್ಲ. ಸ್ಟೇಶನ್ನಿನಲ್ಲಿ ರೈಲು ಹತ್ತಲು ನೂಕುನುಗ್ಗಲು, ಆ ದೇಶದ ಹೆಂಗಸರು ಮಕ್ಕಳಿಗೆ ಮೊದಲ ಜಾಗ, ಹೊರಗಿನವರನ್ನು ಕೆಳಗೆ ತಳ್ಳುತ್ತಿದ್ದಾರೆ ಎಂದು ಟಿವಿಯಲ್ಲಿ ತೋರಿಸುತ್ತಿದ್ದರು. ಹುಡುಗಿಯ ಫೋನು ಸತ್ತಿತ್ತು. ದಾವಣಗೆರೆಯವಳದೂ. ಕಾಕ ಕಂಪನಿಗೆ ರಜೆ ಹಾಕಲಿಲ್ಲ, ಕೆಲಸವನ್ನೂ ಮಾಡಲಿಲ್ಲ. ಮಧ್ಯಾಹ್ನ ನನ್ನ ಅಂಗಡಿಯಲ್ಲಿ ರೇಡಿಯೇಟರುಗಳ ನಡುವೆ ಕೂತು, ತಾವು ಬರೆದ ಆ ಹಾಳೆಯನ್ನು ಫೋಲ್ಡರಿನಿಂದ ತೆಗೆದು ಓದುವರು, ಒಳಗಿಡುವರು. ಒಮ್ಮೆ ನನ್ನನ್ನು ಕೇಳಿದರು, "ಕಾಮಾ ಇಲ್ಲಿ ಸರಿಯಾ ಧನಿ?" ನನಗೆ ಇಂಗ್ಲಿಷ್ ಕಾಮಾ ಏನು ಗೊತ್ತು? ಸರಿ ಉಂಟು ಅಂದೆ.

ಆಫೀಸಿದ್ದ ಆ ಚೌಕದ ಬದಿಗೆ ಮತ್ತೆ ಬಿತ್ತು ಎಂದು ಮರುದಿನ ಸುದ್ದಿ ಬಂತು. ನಾನು ನನ್ನ ಫೋನಿನಲ್ಲಿ ನೋಡಿದೆ. ಅವರು ತಮ್ಮ ಫೋನಿನಲ್ಲಿ ನೋಡಿದರು.

ಕರೆ ಬಂದದ್ದು ಅದರ ಮಾರನೆಯ ದಿನ ಸಂಜೆಯ ಅಸರ್ ನಮಾಜಿನ ಹೊತ್ತಿಗೆ. ಗೊತ್ತಿಲ್ಲದ ನಂಬರು, ಗೊತ್ತಿಲ್ಲದ ದೇಶ. ಕಾಕ ಆಗ ನಮಾಜಿಗೆ ಕೈಕಾಲು ಮುಖ ತೊಳೆಯುವ ವುಜೂ ಮಾಡಲು ಹೊರಟವರು, ತೋಳು ಮಡಚಿದ ಹಾಗೇ ನಿಂತು ಎತ್ತಿದರು.

"ಉಪ್ಪ, ಹಂಗೇರಿಗೆ ಬಂದೆ."

ಕಾಕ ಮೊದಲು ಕೇಳಿದ್ದು ಊಟ ಆಯ್ತಾ ಎಂದಲ್ಲ.

"ಕಾಗದ ತೋರಿಸಿದ್ಯಾ?"

"ತೋರಿಸಿದೆ ಉಪ್ಪ. ಅದನ್ನು ನೋಡಿಯೇ ಬಿಟ್ರು."

ಕಾಕ ಅಲ್ಲೇ ಹಳೆ ಟಯರಿನ ಮೇಲೆ ಕೂತರು. ನಾನು ಚಾ ತರಿಸಿದೆ. ಅವತ್ತು ಚಾದಂಗಡಿಯಲ್ಲಿ ದೊಡ್ಡ ಸಂಭ್ರಮ. ಹುಡುಗರು ನನ್ನನ್ನು ಕಾಡಿದ್ದೇ ಕಾಡಿದ್ದು. "ಧನಿ, ನಿಮ್ಮ ಬಂಪರಿನ ಸ್ಟ್ಯಾಂಪು ಯುರೋಪಿನಲ್ಲಿ ನಡೀತದೆ! ನಮಗೂ ಒಂದು ಒತ್ತಿ ಕೊಡಿ, ಲಂಡನ್ನಿಗೆ ಹೋಗ್ತೇವೆ." ಕಾಕ ನಗುತ್ತಾ ಕೂತಿದ್ದರು. ಅಲ್ಲ ಎನ್ನಲಿಲ್ಲ. ಯಾರಾದರೂ ಹೊಸಬರು ಬಂದರೆ ಹುಡುಗರು ಆ ಕತೆ ಹೇಳುವರು, ಕಾಕ ತಲೆ ಆಡಿಸುವರು.

ಯುದ್ಧ ಮಾತ್ರ ನಿಲ್ಲಲಿಲ್ಲ. ಹುಡುಗಿಯ ಓದು ಅರ್ಧಕ್ಕೆ ನಿಂತಿತು. ಊರಿನಲ್ಲಿ ಯಾವ ಕಾಲೇಜೂ ಸೇರಿಸಿಕೊಳ್ಳಲಿಲ್ಲ. ಮೊಬೈಲಿನಲ್ಲಿ ಪಾಠ ಕೇಳುತ್ತಾ ಮನೆಯಲ್ಲಿ ಕೂತಳು. ಆಮೇಲೆ ಬೇರೆ ದೇಶಕ್ಕೆ ವರ್ಗ ಮಾಡಿಸಿಕೊಂಡು ಓದು ಮುಗಿಸಲು ಕಾಕ ಬರೆದ ಪತ್ರಗಳಿಗೆ ಲೆಕ್ಕವಿಲ್ಲ. ಇತ್ತ ಮಸ್ಕತ್ತಿಗೆ ಹೊಸ ಬಗೆಯ ಜನ ಬರತೊಡಗಿದರು, ರಷ್ಯಾದಿಂದ. ಪ್ರವಾಸಿಗಳಂತೆ ಬಂದು ಹಿಂದಿರುಗದವರು. ಅಂಥ ಒಬ್ಬ ನನ್ನ ಅಂಗಡಿಗೆ ಹಳೆ ಗಾಡಿಯ ಪಂಪು ಹುಡುಕಿಕೊಂಡು ಬಂದ. ಮೂವತ್ತೈದರ ಆಸುಪಾಸು, ಇಂಜಿನಿಯರು, ಹೆಂಡತಿಯನ್ನು ಅಲ್ಲೇ ಬಿಟ್ಟು ಬಂದವನು. ಸೈನ್ಯಕ್ಕೆ ಕರೆ ಬಂದಿತ್ತಂತೆ. ಚೌಕಾಶಿ ಮಾಡಲೂ ಬಾರದ ಪಾಪದವನು, ನಾನು ಹೇಳಿದ ಬೆಲೆ ಹಾಗೇ ಕೊಟ್ಟ. ಅಂಥವರಿಂದ ಹೆಚ್ಚು ತೆಗೆದುಕೊಳ್ಳಬಾರದು, ಅದು ವ್ಯಾಪಾರವಲ್ಲ. ಹಾಗಾಗಿ ಸ್ವಲ್ಪ ಹಿಂದಕ್ಕೆ ಕೊಟ್ಟು ಕೂರಿಸಿದೆ.

ಕಾಕ ಅಲ್ಲೇ ಇದ್ದರು. ಅವನು ರಷ್ಯಾದವನು ಎಂದು ತಿಳಿದ ಕೂಡಲೇ ಲೋಟ ಕೆಳಗಿಟ್ಟರು. ನನಗೆ ಒಳಗೊಳಗೇ ಹೆದರಿಕೆ. ಆ ನೆಲಮಾಳಿಗೆಯ ಕೆಮ್ಮನ್ನು ಕೇಳಿದವರು ಅವರು. ಅಷ್ಟರಲ್ಲಿ ನನ್ನ ಅಂಗಡಿಯ ಹುಡುಗರು ಬಾಯಿ ತಡೆಯದೆ, ಇಂಗ್ಲಿಷ್ ಹಿಂದಿ ಸೇರಿಸಿ ಆ ಸ್ಟ್ಯಾಂಪಿನ ಕತೆಯನ್ನು ಅವನಿಗೆ ಹೇಳಿಯೇ ಬಿಟ್ಟರು.

ಅವನು ಕಾಕನ ಕಡೆ ತಿರುಗಿದ. ಮುಖ ಕೆಂಪಾಗಿತ್ತು. "ನನ್ನ ಪಾಸ್‌ಪೋರ್ಟು ಮುಗಿಯುತ್ತಿದೆ," ಅಂದ ಇಂಗ್ಲಿಷಿನಲ್ಲಿ, ಮೆಲ್ಲಗೆ. "ನಮ್ಮ ಎಂಬೆಸಿಗೆ ಹೋಗಲು ಹೆದರಿಕೆ. ಹೋದರೆ ಹಿಂದಕ್ಕೆ ಕಳಿಸಬಹುದು. ನನಗೂ ಅಂಥ ಒಂದು ಕಾಗದ ಬರೆದು ಕೊಡುತ್ತೀರಾ?"

ಕಾಕ ಅವನ ಮುಖವನ್ನು ತುಂಬ ಹೊತ್ತು ನೋಡಿದರು, ಬೆಳಕಿಗೆ ಹಿಡಿದು ಕಾಗದ ನೋಡುವ ಹಾಗೆ.

"ಆ ಕಾಗದ ಎಲ್ಲೂ ನಡೆಯುವುದಿಲ್ಲ," ಅಂದರು.

"ನಿಮ್ಮ ಮಗಳಿಗೆ ನಡೆಯಿತಲ್ಲ?"

"ನಡೆಯಲಿಲ್ಲ. ಅವಳು ಅದನ್ನು ಯಾರಿಗೂ ತೋರಿಸಲೇ ಇಲ್ಲ. ಅವಳ ಫೋನು ಸತ್ತು ದಿನವಾಗಿತ್ತು, ಬೇರೆಯವರ ಫೋನಿನಿಂದ ನನಗೆ ಮಾತಾಡಿದ್ದು. ತೋರಿಸುವುದು ಎಲ್ಲಿಂದ? ಎಂಬೆಸಿಯವರು ಅಲ್ಲೇ ಒಂದು ಕಾಗದ ಕೊಟ್ಟರು, ಅದರಲ್ಲಿ ದಾಟಿದಳು."

ಹುಡುಗರು ಬಾಯಿ ಬಿಟ್ಟರು. ನಾನೂ ಬಿಟ್ಟೆ. ಕಾಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದರು, "ಎಂತ ನೋಡ್ತೀರಿ ಧನಿ? ಆವತ್ತು ಫೋನಿನಲ್ಲೇ ನನಗೆ ಗೊತ್ತಾಯ್ತು. ಬಂಪರ್ ಮಾರುವ ಅಂಗಡಿಯ ಸ್ಟ್ಯಾಂಪಿಗೆ ಯಾವ ಗಡಿಯ ಬಾಗಿಲು ತೆರೆಯುತ್ತದೆ ಮಾರಾಯ್ರೆ? ಒತ್ತುವಾಗಲೇ ಗೊತ್ತಿತ್ತು. ನನ್ನ ಮಗಳು ನನ್ನ ಹತ್ತಿರ ಸುಳ್ಳು ಹೇಳಿದ್ದು ಅದೊಂದೇ ಸಲ. ಎಷ್ಟು ಚಂದ ಹೇಳಿದಳು!"

ರಷ್ಯಾದವನಿಗೆ ಇದು ಅರ್ಥವಾಗಲಿಲ್ಲ. ಅವನು ತನ್ನ ಪ್ರಶ್ನೆಯಲ್ಲೇ ಇದ್ದ. "ಹಾಗಾದರೆ ಯಾಕೆ ಬರೆದಿರಿ?"

ಕಾಕ ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಕೂತರು. ಅವರ ಮೊಣಕಾಲು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ.

"ನಾನು ಹೇಳದೆ ಅವಳು ಹೊರಡುವವಳಲ್ಲ," ಅಂದರು. "ಕಾಗದ ಇಲ್ಲದೆ ನಾನು ಹೇಳುವವನಲ್ಲ. ಅಲ್ಲಿ ಬಾಗಿಲಲ್ಲಿ ಅವಳ ಜೊತೆಯವರು ಕಾಯ್ತಾ ಇದ್ದರು."